ಮಜ್ಜೆಯ ದಾನ

ಮೂಳೆಯನ್ನು ನಾವು ಬರಿಯ ಆಸರೆಯ ಕಂಬವೆಂದೆಣಿಸುತ್ತೇವೆ. ಆದರೆ ಅದರೊಳಗಿನ ಮಿದುವಾದ ಮಜ್ಜೆಯೇ ನಮ್ಮ ರಕ್ತಕಣಗಳ ತವರು. ಅಲ್ಲಿಯ ಆಕರಕೋಶಗಳಿಂದಲೇ ಕೆಂಪು, ಬಿಳಿಯ ಕಣಗಳು ಹುಟ್ಟುತ್ತವೆ. ರಕ್ತದ ಕ್ಯಾನ್ಸರು ಹಿಡಿದ ಕೆಲವರಲ್ಲಿ ಈ ಮಜ್ಜೆಯನ್ನೇ ಔಷಧ, ವಿಕಿರಣಗಳಿಂದ ಬರಿದುಮಾಡಿ, ಇನ್ನೊಬ್ಬರ ಆಕರಕೋಶಗಳನ್ನು ರಕ್ತನಾಳಕ್ಕೆ ಹನಿಸುತ್ತಾರೆ. ಅವು ತಾವಾಗಿ ಮೂಳೆಯನ್ನು ಹುಡುಕಿಕೊಂಡು ಹೋಗಿ ನೆಲೆಸುವುದು ಸೋಜಿಗವೇ ಸರಿ! ಈ ಚಿಕಿತ್ಸೆಗೆ ದಾರಿ ತೆರೆದ ಅಮೆರಿಕದ ವೈದ್ಯ ಡಾನಲ್ ಥಾಮಸರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕಷ್ಟವಿರುವುದು ಹೊಂದಿಕೆಯಲ್ಲಿ. ರಕ್ತದ ಗುಂಪು ಕೂಡಿದರೆ ಸಾಲದು. ಕೋಶಗಳ ಮೈಮೇಲಿನ ಎಚ್‌ಎಲ್‌ಎ ಎಂಬ ಗುರುತುಗಳು ಕೂಡಬೇಕು. ತಂದೆಯಿಂದ ಒಂದು ಕಂತೆ, ತಾಯಿಯಿಂದ ಒಂದು ಕಂತೆಯಾಗಿ ಇವು ಬರುವುದರಿಂದ, ಒಡಹುಟ್ಟಿದ ಒಬ್ಬರೊಡನೆ ಪೂರ್ಣ ಹೊಂದಿಕೆಯ ಸಂಭವ ನಾಲ್ಕರಲ್ಲೊಂದು ಮಾತ್ರ. ಮಿಕ್ಕವರಲ್ಲಿ ಅನೇಕರಿಗೆ ಅಪರಿಚಿತ ದಾನಿಗಳ ಪಟ್ಟಿಯೇ ಗತಿ. ಒಂದೇ ಮೂಲದ ಜನರಲ್ಲಿ ಹೊಂದಿಕೆ ಹೆಚ್ಚಾಗಿ ದೊರೆಯುವುದರಿಂದ, ಭಾರತೀಯ ರೋಗಿಗೆ ಭಾರತೀಯ ದಾನಿಗಳು ಬೇಕು.

18 ವರ್ಷ ತುಂಬಿದ ಆರೋಗ್ಯವಂತ ತರುಣರು ಕೆನ್ನೆಯ ಒಳಬದಿಯನ್ನು ಹತ್ತಿಕಡ್ಡಿಯಿಂದ ಸವರಿ ಕೊಟ್ಟು ಹೆಸರು ಬರೆಯಿಸಬಹುದು. ಹೊಂದಿಕೆಯಾದವರಿಗೆ ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು ಆಕರಕೋಶಗಳು ರಕ್ತಕ್ಕೆ ಇಳಿಯುವಂತೆ ಮಾಡುತ್ತಾರೆ. ಬಳಿಕ ತೋಳಿನಿಂದ ಹೊರಟ ರಕ್ತವು ಯಂತ್ರದಲ್ಲಿ ಆ ಕೋಶಗಳನ್ನಷ್ಟೆ ಬಿಟ್ಟು ಮೈಗೆ ಮರಳುತ್ತದೆ. ಕೆಲವೊಮ್ಮೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆಯನ್ನೇ ಹೀರಿ ತೆಗೆಯುವುದುಂಟು. ಬೆನ್ನುಹುರಿಗೆ ಸೂಜಿ ಹಾಕುತ್ತಾರೆಂಬುದು ಬರಿಯ ಅಂಜಿಕೆ. ಕೆಲವು ದಿನ ನೋವಿರಬಹುದು. ಕೊಟ್ಟದ್ದನ್ನು ಮೈ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ.

ಒಲ್ಲೆನೆನ್ನುವ ಸ್ವಾತಂತ್ರ್ಯ ದಾನಿಗೆ ಕೊನೆಯವರೆಗೂ ಉಂಟು. ಆದರೆ ರೋಗಿಯ ಮಜ್ಜೆ ಬರಿದಾದ ಮೇಲೆ ದಾನಿ ಹಿಂಜರಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಆದುದರಿಂದ ಹೆಸರು ಬರೆಯಿಸುವ ಮೊದಲೇ ಮನೆಯವರೊಡನೆ ಮಾತನಾಡಿ ಸಂಶಯಗಳನ್ನು ಬಗೆಹರಿಸಿಕೊಳ್ಳುವುದು ಮೇಲು.