ಬಹುಮತಕ್ಕೂ ಮಣಿಯದ ಸದನ: ಅಮೆರಿಕದ ಸೆನೆಟ್ ಮತ್ತು ಫಿಲಿಬಸ್ಟರ್

ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 100 ಸದಸ್ಯರಿದ್ದು, ಮಸೂದೆಯೊಂದು ಅಂಗೀಕಾರವಾಗಲು ಸರಳ ಬಹುಮತವೇ ಸಾಕು. ಆದರೆ ಮಹತ್ವದ ಬಹುತೇಕ ಮಸೂದೆಗಳು 60 ಸದಸ್ಯರ ಬೆಂಬಲವಿಲ್ಲದೆ ಅಂತಿಮ ಮತದಾನದ ಹಂತವನ್ನೇ ಮುಟ್ಟುವುದಿಲ್ಲ. ಇದಕ್ಕೆ ಕಾರಣವಾದ ಪದ್ಧತಿಯನ್ನು ಫಿಲಿಬಸ್ಟರ್ ಎನ್ನುತ್ತಾರೆ. ಚರ್ಚೆಯನ್ನು ಮುಗಿಯಗೊಡದೆ ಎಳೆದು, ಮಸೂದೆಯನ್ನು ಮತಕ್ಕೆ ಹಾಕದಂತೆ ತಡೆಯುವುದೇ ಅದರ ತಿರುಳು. ಅಧ್ಯಕ್ಷರ ಪಕ್ಷಕ್ಕೆ ಎರಡೂ ಸದನಗಳಲ್ಲಿ ಬಹುಮತವಿರುವಾಗಲೂ ಅವರು ಚುನಾವಣೆಯಲ್ಲಿ ಕೊಟ್ಟ ಮಾತುಗಳು ಕಾನೂನಾಗದೆ ಉಳಿಯುವುದೇಕೆ ಎಂಬುದು ಈ ಪದ್ಧತಿಯನ್ನು ತಿಳಿಯದೆ ಬಗೆಹರಿಯದು.

ಕಾಂಗ್ರೆಸ್ ಎಂದು ಕರೆಯಲಾಗುವ ಈ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ 435 ಸ್ಥಾನಗಳು ಜನಸಂಖ್ಯೆಗೆ ಅನುಗುಣವಾಗಿ ಹಂಚಿಕೆಯಾಗುತ್ತವೆ. ಸೆನೆಟ್‌ನಲ್ಲಿ ಮಾತ್ರ, ನಮ್ಮ ರಾಜ್ಯಸಭೆಯಂತಲ್ಲದೆ, ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ತಲಾ ಇಬ್ಬರೇ ಸದಸ್ಯರು. ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಆರು ಲಕ್ಷವನ್ನೂ ಮುಟ್ಟದ ವಯೋಮಿಂಗ್‌ಗೂ ಅಲ್ಲಿ ಒಂದೇ ತೂಕ. ಪ್ರತಿನಿಧಿ ಸಭೆಯಲ್ಲಿ ಚರ್ಚೆಗೆ ಸಮಯದ ಮಿತಿಯಿದ್ದು ಬಹುಮತದ ಪಕ್ಷದ ಮಾತು ನಡೆಯುತ್ತದೆ. ಸೆನೆಟ್‌ನಲ್ಲಿ, ಒಮ್ಮೆ ಮಾತನಾಡಲು ಅವಕಾಶ ಪಡೆದ ಸದಸ್ಯರನ್ನು ಅವರ ಒಪ್ಪಿಗೆಯಿಲ್ಲದೆ ಕೂರಿಸುವುದು ಸುಲಭವಲ್ಲ.

ಈ ಅಧಿಕಾರ ಸಂವಿಧಾನದಿಂದ ಬಂದದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನವನ್ನು ರಚಿಸಿದವರು ಯಾವ ಯಾವ ಕೆಲಸಕ್ಕೆ ಮೂರನೇ ಎರಡರಷ್ಟು ಮತ ಬೇಕೆಂಬುದನ್ನು ಹೆಸರಿಸಿಯೇ ಬರೆದಿದ್ದರು: ವಿದೇಶಗಳೊಂದಿಗಿನ ಒಪ್ಪಂದಗಳಿಗೆ ಸಮ್ಮತಿ, ಮಹಾಭಿಯೋಗದಲ್ಲಿ ತಪ್ಪಿತಸ್ಥರೆಂಬ ತೀರ್ಪು, ಅಧ್ಯಕ್ಷರ ವೀಟೋವನ್ನು, ಅಂದರೆ ಮಸೂದೆಗೆ ಸಹಿ ಹಾಕಲು ಅವರು ನಿರಾಕರಿಸಿದ್ದನ್ನು, ಮೀರುವುದು ಇತ್ಯಾದಿ. ಸಾಮಾನ್ಯ ಕಾನೂನುಗಳು ಆ ಸಾಲಿನಲ್ಲಿ ಇಲ್ಲ. ಆದರೆ ಪ್ರತಿ ಸದನವೂ ತನ್ನ ಕಲಾಪದ ನಿಯಮಗಳನ್ನು ತಾನೇ ಮಾಡಿಕೊಳ್ಳಬಹುದೆಂದು ಸಂವಿಧಾನ ಹೇಳಿದ್ದರಿಂದ ಒಂದು ಬಾಗಿಲು ತೆರೆದೇ ಇತ್ತು. 1806ರಲ್ಲಿ ಸೆನೆಟ್ ತನ್ನ ನಿಯಮಾವಳಿಯನ್ನು ಪರಿಷ್ಕರಿಸುವಾಗ, ಬಹುಮತದಿಂದ ಚರ್ಚೆಯನ್ನು ಮುಗಿಸಲು ಬಳಸಬಹುದಾಗಿದ್ದ ನಿಯಮವನ್ನು ಅನಗತ್ಯವೆಂದು ಕೈಬಿಟ್ಟಿತು. ಅದರ ಪರಿಣಾಮ ಅರಿವಿಗೆ ಬರಲು ಮೂರು ದಶಕಗಳೇ ಹಿಡಿದವು.

ಮೊದಲ ಮಹಾಯುದ್ಧದ ಕಾಲದಲ್ಲಿ ವ್ಯಾಪಾರಿ ಹಡಗುಗಳಿಗೆ ಶಸ್ತ್ರಾಸ್ತ್ರ ಒದಗಿಸುವ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಮಸೂದೆಯನ್ನು ಬೆರಳೆಣಿಕೆಯ ಸದಸ್ಯರು ಮಾತಿನಿಂದಲೇ ತಡೆದಾಗ, 1917ರಲ್ಲಿ ಸೆನೆಟ್ ಕ್ಲೋಚರ್ ಎಂಬ ನಿಯಮವನ್ನು ತಂದಿತು. ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಿದರೆ ಚರ್ಚೆಗೆ ತೆರೆ ಎಳೆಯಬಹುದೆಂಬುದು ಅದರ ಅರ್ಥವಾಗಿದ್ದರೂ, ಅಷ್ಟು ಮತಗಳು ಒದಗುತ್ತಿದ್ದದ್ದು ತೀರ ಅಪರೂಪ.

ಅಲ್ಪಸಂಖ್ಯೆಯವರ ದನಿಗೆ ರಕ್ಷಣೆಯೆಂದು ಹೊಗಳಿಸಿಕೊಂಡ ಈ ಪದ್ಧತಿ, ದೇಶದ ಅತ್ಯಂತ ದುರ್ಬಲ ಅಲ್ಪಸಂಖ್ಯಾತರ ವಿರುದ್ಧವೇ ದೀರ್ಘಕಾಲ ಬಳಕೆಯಾದದ್ದು ಅದರ ಇತಿಹಾಸದ ನೋವಿನ ಭಾಗ. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ತಡೆಯುವ ಮಸೂದೆಯನ್ನು ಪ್ರತಿನಿಧಿ ಸಭೆ 1922ರಲ್ಲೇ ಅಂಗೀಕರಿಸಿದ್ದರೂ ದಕ್ಷಿಣದ ಸೆನೆಟರ್‌ಗಳು ಅದನ್ನು ಮೇಲ್ಮನೆಯಲ್ಲಿ ಉಸಿರುಗಟ್ಟಿಸಿದರು; ಅಂಥ ಕಾನೂನು ಮಾಡದೆ ಹೋದದ್ದಕ್ಕೆ ಸೆನೆಟ್ ಕ್ಷಮೆ ಕೇಳಿದ್ದು 2005ರಲ್ಲಿ, ಕಾನೂನು ಬಂದದ್ದು 2022ರಲ್ಲಿ. ನಡುವಿನ ನೂರು ವರ್ಷಗಳಲ್ಲಿ ಸತ್ತವರಿಗೆ ಯಾವ ಕ್ಷಮೆಯೂ ತಲುಪಲಾರದು. 1957ರ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ದಕ್ಷಿಣ ಕೆರೊಲಿನಾದ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತನಾಡಿದರೂ ಆ ಮಸೂದೆ ಅಂಗೀಕಾರವಾಯಿತು. ಅವರ ದಾಖಲೆಯನ್ನು 2025ರಲ್ಲಿ ಮುರಿದವರು ಕಪ್ಪು ಜನಾಂಗದ ಸೆನೆಟರ್ ಕೋರಿ ಬುಕರ್; ಅವರ 25 ಗಂಟೆ 5 ನಿಮಿಷಗಳ ಭಾಷಣ ಯಾವುದೇ ಮಸೂದೆಯನ್ನು ತಡೆಯಲು ಮಾಡಿದ್ದಾಗಿರಲಿಲ್ಲ.

ಹೋಟೆಲು, ಶಾಲೆ, ಉದ್ಯೋಗಗಳಲ್ಲಿ ವರ್ಣಭೇದವನ್ನು ನಿಷೇಧಿಸುವ 1964ರ ಮಸೂದೆಯನ್ನು ಜಾರ್ಜಿಯಾದ ರಿಚರ್ಡ್ ರಸೆಲ್ ನೇತೃತ್ವದ ಗುಂಪು ವಾರಗಟ್ಟಲೆ ತಡೆಹಿಡಿಯಿತು. ಜೂನ್ 10ರಂದು ಕ್ಲೋಚರ್ ಮತಕ್ಕೆ ಬಂದಾಗ, ಮೆದುಳಿನ ಗಡ್ಡೆಯಿಂದ ಮಾತು ಕಳೆದುಕೊಂಡಿದ್ದ ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಸದನಕ್ಕೆ ಕರೆತರಲಾಯಿತು. ಹೆಸರು ಕೂಗಿದಾಗ ಅವರು ಕೈಯೆತ್ತಿ ತಮ್ಮ ಕಣ್ಣನ್ನು ತೋರಿಸಿ ಸಮ್ಮತಿ ಸೂಚಿಸಿದರು. 71ಕ್ಕೆ 29 ಮತಗಳಿಂದ ಚರ್ಚೆ ಮುಗಿಯಿತು. ನಾಗರಿಕ ಹಕ್ಕುಗಳ ಮಸೂದೆಯೊಂದರ ಮೇಲಿನ ಫಿಲಿಬಸ್ಟರ್ ಈ ರೀತಿ ಸೋತದ್ದು ಅದೇ ಮೊದಲು.

1970ರ ದಶಕದಲ್ಲಿ ಆದ ಎರಡು ಬದಲಾವಣೆಗಳು ಫಿಲಿಬಸ್ಟರ್‌ನ ಸ್ವರೂಪವನ್ನೇ ಮಾರ್ಪಡಿಸಿದವು. ಒಂದು ಮಸೂದೆ ತಡೆಯಲ್ಲಿದ್ದರೂ ಸದನವು ಬೇರೆ ಕಲಾಪಗಳನ್ನು ಸಮಾನಾಂತರವಾಗಿ ನಡೆಸುವ ವ್ಯವಸ್ಥೆ ಬಂದಿತು. 1975ರಲ್ಲಿ ಕ್ಲೋಚರ್‌ಗೆ ಬೇಕಾದ ಪ್ರಮಾಣ ಒಟ್ಟು ಸದಸ್ಯರ ಐದನೇ ಮೂರರಷ್ಟು, ಅಂದರೆ ಅರವತ್ತಕ್ಕೆ ಇಳಿಯಿತು. ಮೇಲ್ನೋಟಕ್ಕೆ ಇವು ಸುಧಾರಣೆಗಳೇ. ಆದರೆ ತಡೆಯೊಡ್ಡುವವರು ಹಗಲಿರುಳು ನಿಂತು ಮಾತನಾಡಬೇಕಾದ ಪ್ರಮೇಯ ಇದರಿಂದ ತಪ್ಪಿ, ಚರ್ಚೆಗೆ ತೆರೆ ಬೀಳಲು ಬಿಡುವುದಿಲ್ಲವೆಂಬ ಇಂಗಿತವೇ ಸಾಕಾಗತೊಡಗಿತು. ಮಾತನಾಡುವ ಹಕ್ಕಿನ ಹೆಸರಿನಲ್ಲಿ ಉಳಿದ ನಿಯಮ, ಮಾತೇ ಇಲ್ಲದೆ ಮಸೂದೆಯನ್ನು ಕೊಲ್ಲುವ ಹಕ್ಕಾಯಿತು. ತಡೆಯುವವನು ಜನರ ಕಣ್ಣೆದುರು ಬಂದು ತನ್ನ ಕಾರಣಗಳನ್ನು ಒಪ್ಪಿಸಬೇಕಾದ ಹೊಣೆಯೂ ಅದರೊಂದಿಗೆ ಹೋಯಿತು. ಇದೇ ಈ ಪದ್ಧತಿಯ ದೊಡ್ಡ ದೋಷ.

ಕೆಲವು ವಿಷಯಗಳು ಈ ತಡೆಯಿಂದ ಹೊರಗಿವೆ. ತೆರಿಗೆ ಮತ್ತು ವೆಚ್ಚಕ್ಕೆ ಸಂಬಂಧಿಸಿದ ಮಸೂದೆಗಳನ್ನು, 1974ರ ಆಯವ್ಯಯ ಕಾನೂನಿನಡಿ ಬಂದ ರಿಕನ್ಸಿಲಿಯೇಶನ್ ಎಂಬ ವಿಧಾನದಲ್ಲಿ, 20 ಗಂಟೆಗಳ ಚರ್ಚೆಯ ಮಿತಿಯೊಳಗೆ ಸರಳ ಬಹುಮತದಿಂದ ಅಂಗೀಕರಿಸಬಹುದು. ನ್ಯಾಯಾಧೀಶರು ಮತ್ತು ಉನ್ನತ ಅಧಿಕಾರಿಗಳ ನೇಮಕಕ್ಕೆ 2013ರಲ್ಲಿ ಡೆಮಾಕ್ರಟರು, ಸುಪ್ರೀಂ ಕೋರ್ಟಿನ ನೇಮಕಕ್ಕೆ 2017ರಲ್ಲಿ ರಿಪಬ್ಲಿಕನ್ನರು ಅರವತ್ತರ ಗಡಿಯನ್ನು ತೆಗೆದುಹಾಕಿದರು. ಜೀವನಪರ್ಯಂತ ಅಧಿಕಾರದಲ್ಲಿರುವ ನ್ಯಾಯಮೂರ್ತಿಯನ್ನು ಹೀಗೆ ಇಂದು ಸರಳ ಬಹುಮತದಿಂದ ನೇಮಿಸಬಲ್ಲ ಇದೇ ಸದನ, 2013ರ ಏಪ್ರಿಲ್‌ನಲ್ಲಿ ಬಂದೂಕು ಖರೀದಿದಾರರ ಹಿನ್ನೆಲೆ ಪರಿಶೀಲನೆಯನ್ನು ವಿಸ್ತರಿಸುವ ಪ್ರಸ್ತಾವವನ್ನು, ಸ್ಯಾಂಡಿ ಹುಕ್ ಶಾಲೆಯ ಮಕ್ಕಳ ಹತ್ಯೆಯಾಗಿ ನಾಲ್ಕೇ ತಿಂಗಳಾಗಿದ್ದಾಗ, 54 ಮತಗಳಿದ್ದರೂ ಕೈಬಿಡಬೇಕಾಯಿತು.

ಈ ಪದ್ಧತಿಯ ಸಮರ್ಥಕರ ವಾದವನ್ನು ತಳ್ಳಿಹಾಕುವಂತಿಲ್ಲ. ಒಂದೆರಡು ಸ್ಥಾನಗಳ ಅಂತರದಿಂದ ಅಧಿಕಾರಕ್ಕೆ ಬಂದವರು ದೇಶದ ಕಾನೂನುಗಳನ್ನು ಪ್ರತಿ ಚುನಾವಣೆಯ ನಂತರ ಬುಡಮೇಲು ಮಾಡದಂತೆ ಅದು ಕಾಯುತ್ತದೆಂದು ಅವರು ಹೇಳುತ್ತಾರೆ. ಇಂದು ಬಹುಮತವಿರುವ ಪಕ್ಷ ನಾಳೆ ವಿರೋಧಪಕ್ಷವಾಗುವ ಭಯವೂ ಸುಧಾರಣೆಗೆ ಅಡ್ಡಬರುತ್ತದೆ. 2022ರ ಜನವರಿಯಲ್ಲಿ ಮತದಾನದ ಹಕ್ಕುಗಳ ಮಸೂದೆಗಾಗಿ, ವಿರೋಧಿಸುವವರು ಎದ್ದುನಿಂತು ಮಾತನಾಡಲೇಬೇಕೆಂಬಂತೆ ನಿಯಮವನ್ನು ಬದಲಿಸಲು ಡೆಮಾಕ್ರಟರು ಹೊರಟಾಗ, ಅವರದೇ ಪಕ್ಷದ ಜೋ ಮಂಚಿನ್ ಮತ್ತು ಕಿರ್ಸ್ಟನ್ ಸಿನೆಮಾ ವಿರೋಧ ಪಕ್ಷದೊಂದಿಗೆ ಮತ ಹಾಕಿದ್ದರಿಂದ ಪ್ರಸ್ತಾವ 48ಕ್ಕೆ 52 ಮತಗಳಿಂದ ಬಿದ್ದುಹೋಯಿತು.