ಖಾಲಿ ಪುಟದ ಪ್ರಬಂಧ

1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೆನಿಸ್ ಅಪ್ಪರ್ ಒಂದು ಸಂಶೋಧನಾ ಪ್ರಬಂಧ ಪ್ರಕಟಿಸಿದರು. ಬರೆಯಲು ಕೈಯೇ ಓಡದ ತೊಂದರೆಗೆ ತಾವೇ ಮಾಡಿಕೊಂಡ ಚಿಕಿತ್ಸೆ ಫಲಿಸಲಿಲ್ಲ ಎಂಬುದು ಅದರ ಶೀರ್ಷಿಕೆ. ಅದರ ಕೆಳಗೆ ಪ್ರಬಂಧವಿರಬೇಕಾದ ಜಾಗವೆಲ್ಲ ಖಾಲಿ. ನಿಂಬೆರಸ, ಎಕ್ಸ್‌-ರೇ ಎಲ್ಲ ಬಳಸಿ ಪರೀಕ್ಷಿಸಿದರೂ ಒಂದು ದೋಷವೂ ಸಿಗಲಿಲ್ಲವೆಂದು ಪರಿಶೀಲಕರು ಷರಾ ಬರೆದರು!

ಪಿಎಚ್‌.ಡಿ. ಮಾಡುತ್ತಿರುವವರಿಗೆ ಈ ತಮಾಷೆ ಸ್ವಲ್ಪ ಚುಚ್ಚೀತು. ಪ್ರಯೋಗ ಮುಗಿದಿದೆ, ಗ್ರಾಫುಗಳೂ ಸಿದ್ಧ. ಗೈಡ್ ಕೇಳಿದಾಗಲೆಲ್ಲ 'ಬರೀತಾ ಇದೀನಿ ಸರ್'. ಪೀಠಿಕೆಯ ಮೊದಲ ವಾಕ್ಯ ಮಾತ್ರ ಬರೆದಷ್ಟೂ ಸಲ ಅಳಿಸಿಹೋಗುತ್ತಿದೆ.

ಇದು ಸೋಮಾರಿತನವಲ್ಲ. ನಮ್ಮ ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬೆರಳೆಣಿಕೆಯಷ್ಟು. ಏನು ಹೇಳಬೇಕೆಂದು ಯೋಚಿಸುವುದು, ಅದಕ್ಕೆ ವಾಕ್ಯ ಕಟ್ಟುವುದು, ಕಟ್ಟಿದ್ದು ಸರಿಯೇ ಎಂದು ತೂಗುವುದು, ಈ ಮೂರೂ ಅಷ್ಟೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ವಿಜ್ಞಾನ ಬರವಣಿಗೆಯಲ್ಲಂತೂ ಪ್ರತಿ ಮಾತಿಗೂ ಆಧಾರ ಬೇಕು. ತೂಗುವವನ ದನಿಯೇ ಜೋರಾಗುತ್ತದೆ.

ಚಾರ್ಲ್ಸ್ ಡಾರ್ವಿನ್ನರಿಗೂ ಬರವಣಿಗೆ ಸಲೀಸಾಗಿರಲಿಲ್ಲ. ಮೊದಲು ವಾಕ್ಯಗಳನ್ನು ಯೋಚಿಸಿಕೊಂಡೇ ಬರೆಯುತ್ತಿದ್ದರಂತೆ. ಆಮೇಲೆ ಅಕ್ಷರ ಕೆಟ್ಟರೂ ಚಿಂತೆಯಿಲ್ಲವೆಂದು ಅರ್ಧದಷ್ಟು ಪದಗಳನ್ನು ಮೊಟಕುಗೊಳಿಸಿ, ಪುಟಗಟ್ಟಲೆ ಗೀಚಿ, ನಂತರ ನಿಧಾನವಾಗಿ ತಿದ್ದತೊಡಗಿದರು. ಗೀಚಿದ ವಾಕ್ಯಗಳೇ ಎಷ್ಟೋ ಸಲ ಯೋಚಿಸಿ ಬರೆದವಕ್ಕಿಂತ ಚೆನ್ನಾಗಿರುತ್ತಿದ್ದವು ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಸ್ಫೂರ್ತಿ ಬರಲಿ, ಆಮೇಲೆ ಕೂರೋಣ ಎನ್ನುವವರು ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1983ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಅದರಲ್ಲಿ ಪ್ರಾಧ್ಯಾಪಕರ ಒಂದು ಗುಂಪು ಮನಸ್ಸಾದಾಗ ಬರೆಯಿತು. ಇನ್ನೊಂದು ಗುಂಪು ನಿಗದಿತ ವೇಳೆಗೆ ಬರೆಯಲೇಬೇಕು. ತಪ್ಪಿದರೆ ತಮಗೆ ಆಗದ ಸಂಸ್ಥೆಯೊಂದಕ್ಕೆ ಹಣ ಕಳಿಸಬೇಕು! ಹೆಚ್ಚು ಪುಟ ಬರೆದವರು ಈ ಎರಡನೆಯವರು. ಅಚ್ಚರಿಯೆಂದರೆ, ಹೊಸ ಹೊಳಹುಗಳೂ ಅವರಿಗೇ ಹೆಚ್ಚು ಬಂದಿದ್ದವು. ಭಾಗವಹಿಸಿದವರು ಕೆಲವೇ ಮಂದಿ, ಹಾಗಾಗಿ ಇದೇ ಕೊನೆಯ ಮಾತೆನ್ನಲಾಗದು. ಆದರೂ ಮೂಡ್‌ಗಾಗಿ ಕಾಯುವುದರಲ್ಲಿ ಹುರುಳಿಲ್ಲವೆಂದೇ ನನ್ನ ಅನಿಸಿಕೆ.

ಪೀಠಿಕೆಯಿಂದಲೇ ಶುರುಮಾಡಬೇಕೆಂಬ ನಿಯಮವೇನೂ ಇಲ್ಲ. ವಿಧಾನದ ಭಾಗದಿಂದ ಆರಂಭಿಸಿ. 'ಮಾದರಿಗಳನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಲಾಯಿತು' ಎಂದು ಬರೆಯಲು ಯಾವ ಸ್ಫೂರ್ತಿಯೂ ಬೇಡ, ಲ್ಯಾಬ್ ನೋಟ್‌ಬುಕ್ ಇದ್ದರಾಯಿತು. ನಡುವೆ ಯಾವುದೋ ಉಲ್ಲೇಖದ ಇಸವಿ ಮರೆತರೆ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಅದನ್ನು ಹುಡುಕಲು ಗೂಗಲ್ ಸ್ಕಾಲರ್ ತೆರೆದಿರೋ, ಆ ಮಧ್ಯಾಹ್ನ ಮುಗಿದಂತೆಯೇ.