ಡೊಳ್ಳಿನ ಅಬ್ಬರದಲ್ಲಿ ಹಾಡಿನ ಮಾತು ಕಳೆಯದಿರಲಿ

ಡೊಳ್ಳು ಕುಣಿತದ ವಿಡಿಯೊ ಮೊಬೈಲಿನಲ್ಲಿ ನೋಡುವವರದ್ದು ಸಾಮಾನ್ಯವಾಗಿ ಒಂದೇ ತಕರಾರು: ಸದ್ದು ಜೋರಾಗಿದೆ, ಬೀರದೇವರ ಹಾಡಿನ ಮಾತು ಮಾತ್ರ ಒಂದೂ ತಿಳಿಯುವುದಿಲ್ಲ. ಹಾಡಿದವರ ಗಂಟಲಿಗೇನೂ ಆಗಿರುವುದಿಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಆಮೇಲೆ, ಕಂಪ್ಯೂಟರಿನ ಮುಂದೆ.

ಅಲ್ಲಿ ನಡೆಯುವುದು ಎರಡು ಬೇರೆ ಬೇರೆ ಕೆಲಸ. ಪ್ರತಿ ವಾದ್ಯ, ಪ್ರತಿ ದನಿ ತನ್ನ ತನ್ನ ಟ್ರ್ಯಾಕಿನಲ್ಲಿ ಇರುವಾಗ ಅವುಗಳನ್ನು ಹೊಂದಿಸುವುದು ಮಿಕ್ಸಿಂಗ್. ಹಾಗೆ ಹೊಂದಿಸಿದ ಒಂದೇ ಸ್ಟೀರಿಯೊ ಫೈಲನ್ನು ಬಿಡುಗಡೆಗೆ ಸಿದ್ಧಪಡಿಸುವುದು ಮಾಸ್ಟರಿಂಗ್. ಮೊದಲನೆಯದರಲ್ಲಿ ಉಳಿದ ದೋಷವನ್ನು ಎರಡನೆಯದು ಅಷ್ಟು ಸುಲಭವಾಗಿ ತಿದ್ದಲಾರದು.

ಚನ್ನಗಿರಿ, ಹೊನ್ನಾಳಿ ಸೀಮೆಯ ಡೊಳ್ಳನ್ನೇ ತೆಗೆದುಕೊಳ್ಳೋಣ. ಒಂದು ಮುಖಕ್ಕೆ ಕೋಲಿನ ಪೆಟ್ಟು, ಇನ್ನೊಂದಕ್ಕೆ ಅಂಗೈ ಪೆಟ್ಟು. ಎದೆ ನಡುಗಿಸುವ ಅದರ ಗುಡುಗು 100 ಹರ್ಟ್ಸ್ ಆಸುಪಾಸಿನಲ್ಲಿದ್ದರೆ, ಕೋಲಿನ ಚಟ್ ಎನ್ನುವ ಸದ್ದು 2,000ದಿಂದ 5,000 ಹರ್ಟ್ಸ್‌ವರೆಗೆ ಹರಡಿರುತ್ತದೆ. ನಮ್ಮ ಮಾತಿನ ಚ, ತ, ಟ, ಸ ಸ್ಪಷ್ಟವಾಗುವುದೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಹಾಗಾಗಿ ಹಾಡಿನ ಫೇಡರನ್ನು ಮೇಲಕ್ಕೆ ದೂಡಿದಷ್ಟಕ್ಕೇ ಪ್ರಯೋಜನವಿಲ್ಲ. ಡೊಳ್ಳಿನ ಟ್ರ್ಯಾಕಿನಲ್ಲಿ ಈಕ್ಯೂ (ಬೇಕಾದ ಹರ್ಟ್ಸ್‌ನ ಸದ್ದನ್ನಷ್ಟೇ ಏರಿಳಿಸುವ ಸಾಧನ) ಹಾಕಿ 3,000 ಹರ್ಟ್ಸ್ ಬಳಿ ಎರಡು ಮೂರು ಡೆಸಿಬೆಲ್ ತಗ್ಗಿಸಿದರೆ ಮಾತು ತಾನೇ ಮುಂದೆ ಬರುತ್ತದೆ. ಹಾಡುಗಾರರ ಮೈಕಿಗೆ ನುಗ್ಗಿದ ಡೊಳ್ಳಿನ ಗುಂಯ್‌ಗುಡುವಿಕೆಯನ್ನು 80–100 ಹರ್ಟ್ಸ್ ಕೆಳಗೆ ಕತ್ತರಿಸಿ ತೆಗೆಯಬಹುದು. ಹಾಡು ಬೇರೆ, ಡೊಳ್ಳು ಬೇರೆ ರೆಕಾರ್ಡ್ ಮಾಡಿದರೆ ಈ ತಾಪತ್ರಯವೇ ಇಲ್ಲ ಎನ್ನುವವರಿದ್ದಾರೆ. ಆದರೆ ಕುಣಿಯುತ್ತಾ ಬಡಿಯುತ್ತಾ ಹಾಡುವ ತಂಡವನ್ನು ಬಿಡಿಬಿಡಿಯಾಗಿ ಕೂರಿಸಿದರೆ ಹುರುಪೇ ಹೊರಟುಹೋಗುತ್ತದೆ. ಮೈಕಿನ ಬೆನ್ನು ಡೊಳ್ಳಿನ ಕಡೆಗಿರುವಂತೆ ನಿಲ್ಲಿಸಿಕೊಳ್ಳುವುದೇ ಮೇಲು.

ಫೋನಿನ ಪುಟ್ಟ ಸ್ಪೀಕರಿನಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಬಹುಮಟ್ಟಿಗೆ ಹೊರಡುವುದೇ ಇಲ್ಲ. ದೊಡ್ಡ ಸ್ಪೀಕರಿನಲ್ಲಿ ಮಾತ್ರ ಕೇಳಿ ಮಿಕ್ಸ್ ಮುಗಿಸಿದರೆ ಹಳ್ಳಿಯ ಕೇಳುಗನ ಕೈಯಲ್ಲಿ ಡೊಳ್ಳು ಡಬ್ಬಿಯಾಗುತ್ತದೆ. ಒಮ್ಮೆ ಫೋನಿನಲ್ಲಿ, ಒಮ್ಮೆ ಎಡಬಲ ಒಂದಾಗಿಸಿದ ಮೋನೊದಲ್ಲಿ ಕೇಳಿ ನೋಡಲೇಬೇಕು.

ಲಂಬಾಣಿ ಹಾಡುಗಳಲ್ಲಿ ನಗಾರಿಯ ಜೊತೆಗೆ ಕಂಚಿನ ತಟ್ಟೆ ಇರುತ್ತದೆ. ಅದರ ಚೂಪು ಸದ್ದು ಕಿವಿ ಚುಚ್ಚದಂತೆ ಹದ ಮಾಡಬೇಕು. ಜಗಳೂರು ಕಡೆಯ ಸೋಬಾನೆಗೆ ಇಷ್ಟೆಲ್ಲ ಬೇಡ. ಹೇಳಿಕೊಡುವ ದನಿ ನಡುವೆ, ಸೊಲ್ಲು ಹಿಡಿಯುವವರು ಎಡಬಲಕ್ಕೆ, ರಿವರ್ಬ್ ಚೂರೇ ಚೂರು.

ಮಾತಿಗೆ ಮೊದಲ ಮಣೆ ಹಾಕುವುದು ಕನ್ನಡಕ್ಕೆ ಹೊಸತಲ್ಲ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂತು. ಭಾವಗೀತೆ ಮನೆಮನೆ ಮುಟ್ಟಿದ್ದು ಸಾಹಿತ್ಯ ಕಿವಿಗೆ ಬಿದ್ದದ್ದರಿಂದಲೇ. ಇನ್ನು ಮಿಕ್ಸಿಂಗ್ ಎಷ್ಟು ದೊಡ್ಡ ಕಸುಬು ಎಂಬುದಕ್ಕೆ ಬೆಂಗಳೂರಿನ ರಿಕಿ ಕೇಜ್ ಅವರ ‘ಡಿವೈನ್ ಟೈಡ್ಸ್’ ಸಾಕ್ಷಿ. 2023ರಲ್ಲಿ ಅದಕ್ಕೆ ಸಿಕ್ಕ ಗ್ರ್ಯಾಮಿ, ಸುತ್ತಲೂ ಆವರಿಸಿ ಕೇಳುವಂತೆ ಧ್ವನಿ ಜೋಡಿಸಿದ ಆಲ್ಬಮ್‌ಗಳಿಗೆಂದೇ ಇರುವ ಪ್ರಶಸ್ತಿ.

ಮಾಸ್ಟರಿಂಗ್‌ಗೆ ಕಳಿಸುವಾಗ ಎಲ್ಲರಿಗೂ ಬರುವ ಆಸೆ, ಹಾಡನ್ನು ಆದಷ್ಟು ಜೋರು ಮಾಡಿಬಿಡೋಣ ಎಂಬುದು. ಈ ಆಸೆ ಬಿಡಬೇಕು. ಅತಿ ಎತ್ತರದ ಪೆಟ್ಟೂ ಮೀಟರಿನ ತುತ್ತತುದಿಯಾದ ಸೊನ್ನೆಗಿಂತ ಸುಮಾರು 6 ಡೆಸಿಬೆಲ್ ಕೆಳಗಿರಲಿ. ಮಾಸ್ಟರಿಂಗ್ ಮಾಡುವವರಿಗೆ ಕೈಯಾಡಿಸಲು ಅಷ್ಟು ಜಾಗ ಬೇಕು. ಕೊನೆಯ ಚಾನೆಲ್ಲಿನಲ್ಲಿ ಜೋರು ಮಾಡಲೆಂದು ಹಾಕಿದ ಲಿಮಿಟರ್ ತೆಗೆಯಬೇಕು. ಫೈಲು 24 ಬಿಟ್‌ನ ವೇವ್ ಆಗಿರಲಿ, ಎಂಪಿ3 ಬೇಡ. 48 ಕಿಲೊಹರ್ಟ್ಸ್‌ನಲ್ಲಿ ರೆಕಾರ್ಡ್ ಆಗಿದ್ದರೆ ಹಾಗೆಯೇ ಕಳಿಸುವುದು. ಕೊನೆಯ ಪೆಟ್ಟಿನ ಅನುರಣನ ಪೂರ್ತಿ ಅಡಗುವವರೆಗೆ ಫೈಲು ಕತ್ತರಿಸಬಾರದು.

ಹಿಂಡಿ ಹಿಂಡಿ ಜೋರು ಮಾಡಿದರೂ ಗಿಟ್ಟುವುದೇನಿಲ್ಲ. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಎಂಬ ಮಟ್ಟಕ್ಕೆ ಹೊಂದಿಸಿ ಕೇಳಿಸುತ್ತದೆ; ಯೂಟ್ಯೂಬ್ ಕೂಡ ವಿಪರೀತ ಜೋರಿದ್ದುದನ್ನು ತಗ್ಗಿಸುತ್ತದೆ. ಆಗ ಜೋರೂ ಉಳಿಯದೆ, ಪೆಟ್ಟಿನ ಏರಿಳಿತವೂ ಉಳಿಯದೆ ಡೊಳ್ಳು ಚಪ್ಪಟೆಯಾಗಿ ಕೇಳುತ್ತದೆ.

ಫೈಲಿನ ಜೊತೆ ಇನ್ನೊಂದನ್ನೂ ಕಳಿಸಬೇಕು: ಹಾಡಿನ ಹೆಸರು, ಹಾಡಿದವರ ಹೆಸರು, ಬಾರಿಸಿದವರ ಹೆಸರು, ಊರು. ಇವನ್ನು ಫೈಲಿನೊಳಗೇ ಸೇರಿಸುವುದೂ ಮಾಸ್ಟರಿಂಗ್ ಕೆಲಸದ ಭಾಗ. ಬಿಡಿ ಟ್ರ್ಯಾಕುಗಳ ಒಂದು ಪ್ರತಿಯನ್ನು ಬೇರೊಂದು ಹಾರ್ಡ್ ಡಿಸ್ಕಿನಲ್ಲಿಟ್ಟು, ಮತ್ತೊಂದನ್ನು ಹಾಡಿದ ತಂಡದ ಕೈಗೇ ಕೊಡಿ.